ಮಗನಿಗೆ ಶಾಲೆಯಲ್ಲಿ ಕಾಟ: ಕೈ ಕುಲುಕಿಸಿ ಕಳಿಸಿದರೆ ಮುಗಿಯಿತೇ?

ಪ್ರಶ್ನೆ: ನನ್ನ ಮಗ ಏಳನೆಯವರೆಗೆ ನಮ್ಮ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿ, ಈ ವರ್ಷ 8ನೇ ತರಗತಿಗೆ ತಾಲ್ಲೂಕು ಕೇಂದ್ರದ ಖಾಸಗಿ ಶಾಲೆಗೆ ಸೇರಿದ್ದಾನೆ. ಅವನಿಗೆ ಅಕಾರ, ಹಕಾರ ಅದಲುಬದಲಾಗುತ್ತದೆ. ಜುಲೈನಲ್ಲಿ ಕನ್ನಡ ಪಾಠ ಗಟ್ಟಿಯಾಗಿ ಓದುವಾಗ ‘ಹಾಲು’ ಎನ್ನುವುದನ್ನು ‘ಆಲು’ ಅಂದನಂತೆ. ಮೇಡಂ ಸಮೇತ ಎಲ್ಲರೂ ನಕ್ಕರು. ಅಂದಿನಿಂದ ಅವನ ಹೆಸರು ‘ಆಲೂಗಡ್ಡೆ’. ನಾಲ್ಕೈದು ಹುಡುಗರು ಬ್ಯಾಗ್ ಬಚ್ಚಿಡುತ್ತಾರೆ, ಊಟದ ಡಬ್ಬಿಗೆ ಮಣ್ಣು ಹಾಕುತ್ತಾರೆ. ಅವನ ಫೋಟೊದಲ್ಲಿ ಸ್ಟಿಕ್ಕರ್ ಮಾಡಿ ವಾಟ್ಸ್ಆ್ಯಪ್ ಗ್ರೂಪಿಗೆ ಬಿಟ್ಟಿದ್ದಾರೆ. ಕ್ಲಾಸ್ ಟೀಚರಿಗೆ ಹೇಳಿದೆ. ಅವರು ಇವನನ್ನೂ ಆ ಗುಂಪಿನ ಒಬ್ಬನನ್ನೂ ಸ್ಟಾಫ್ ರೂಮಿಗೆ ಕರೆಸಿ, ‘ಸಾರಿ’ ಹೇಳಿಸಿ, ಕೈ ಕುಲುಕಿಸಿ ಕಳಿಸಿದರು. ಆಮೇಲೆ ಕಾಟ ಇನ್ನೂ ಜಾಸ್ತಿಯಾಯಿತು. ‘ಅಮ್ಮಾ, ನೀನು ಇನ್ನು ಸ್ಕೂಲ್ ಕಡೆ ಬರಬೇಡ’ ಅನ್ನುತ್ತಾನೆ. ನಮ್ಮ ಯಜಮಾನರು ‘ಗಂಡು ಹುಡುಗ, ತಿರುಗಿಸಿ ಎರಡು ಬಿಡಬೇಕು’ ಎನ್ನುತ್ತಾರೆ. ಭಾನುವಾರ ಸಂಜೆಯಾದರೆ ಸಾಕು, ಹೊಟ್ಟೆನೋವು. ಮೊನ್ನೆ ‘ನಾನೇ ಇಲ್ಲದಿದ್ದರೆ ನಿಮಗೆಲ್ಲ ಆರಾಮ’ ಅಂದ. ಟಿಸಿ ತೆಗೆಸಿಬಿಡಲೇ? ಪೊಲೀಸರಿಗೆ ಹೇಳಲೇ?
ಒಬ್ಬ ತಾಯಿ, ತುಮಕೂರು ಜಿಲ್ಲೆ

ಉತ್ತರ: ಟಿಸಿ, ಪೊಲೀಸು ಎರಡನ್ನೂ ಆಮೇಲೆ ನೋಡೋಣ. ಹೊಟ್ಟೆನೋವಿನ ಬೆನ್ನಿಗೇ ನೀವು ಬರೆದಿರುವ ಆ ಮಾತು ಇದೆಯಲ್ಲ, ‘ನಾನೇ ಇಲ್ಲದಿದ್ದರೆ’ ಎಂಬುದು, ಮೊದಲು ಅದಕ್ಕೆ ಬರುತ್ತೇನೆ. ಸಿಟ್ಟಿನಲ್ಲಿ ಅಂದಿರಬಹುದು, ಈ ವಯಸ್ಸಿನ ಮಕ್ಕಳು ಹಾಗೆ ಅನ್ನುವುದುಂಟು. ಆದರೆ ತಿಂಗಳುಗಟ್ಟಲೆ ಕಾಟ ಅನುಭವಿಸಿದ ಹುಡುಗನ ಬಾಯಲ್ಲಿ ಬಂದಾಗ ಅದನ್ನು ಕೇಳಿಯೂ ಕೇಳದ ಹಾಗೆ ಬಿಡಬಾರದು. ಇವತ್ತು ರಾತ್ರಿಯೇ, ಬೇರೆ ಯಾರೂ ಹತ್ತಿರ ಇಲ್ಲದಾಗ, ಸುತ್ತಿ ಬಳಸದೆ ಕೇಳಿ: ‘ಮೊನ್ನೆ ಹಂಗಂದ್ಯಲ್ಲ, ಸತ್ತುಹೋಗಬೇಕು ಅಂತ ಏನಾದ್ರೂ ಅನ್ನಿಸ್ತಾ ಇದೆಯಾ?’ ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂದು ತಂದೆತಾಯಿ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಒಳಗೊಳಗೇ ಇಟ್ಟುಕೊಂಡಿದ್ದನ್ನು ಕೊನೆಗೂ ಒಬ್ಬರು ಕೇಳಿದರಲ್ಲ ಎಂದು ಎಷ್ಟೋ ಮಕ್ಕಳು ಹಗುರಾಗುತ್ತಾರೆ.

‘ಹೌದು’ ಅಂದರೆ, ಅಥವಾ ಏನೂ ಹೇಳದೆ ತಲೆ ತಗ್ಗಿಸಿದರೆ, ಅವನನ್ನು ಒಂಟಿಯಾಗಿ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ; ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮರುದಿನ ಶಾಲೆಗೆ ಕಳಿಸುವ ಬದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕರೆದುಕೊಂಡು ಹೋಗಿ. ‘ಇಲ್ಲಮ್ಮ, ಸುಮ್ನೆ ಅಂದೆ’ ಎಂದರೂ ಒಂದು ಕೆಲಸ ಮಾಡಿ: ತೋಟಕ್ಕೆ, ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಬೀಗ ಹಾಕಿಡಿ, ಇಲ್ಲವೇ ಮನೆಯಿಂದಲೇ ಸಾಗಿಸಿ. ಹಳ್ಳಿ ಮನೆಗಳಲ್ಲಿ ಆ ಡಬ್ಬಿ ಕೊಟ್ಟಿಗೆಯ ಮೂಲೆಯಲ್ಲಿ ಕೈಗೆಟಕುವ ಹಾಗೆ ಬಿದ್ದಿರುತ್ತದೆ. ಅಜ್ಜಿಯ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳೂ ಹಾಗೆಯೇ. ಮಕ್ಕಳಲ್ಲಿ ಇಂಥ ಆವೇಗ ಬಂದಷ್ಟೇ ಬೇಗ ಇಳಿದೂ ಹೋಗುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಂತೆ ಇರುವುದೇ ಎಷ್ಟೋ ಜೀವ ಉಳಿಸಿದೆ.

ಹೊಟ್ಟೆನೋವು ನಾಟಕವಲ್ಲ. ಒಮ್ಮೆ ವೈದ್ಯರಿಗೆ ತೋರಿಸಿ, ಬೇರೆ ಕಾರಣವಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಭಾನುವಾರ ಸಂಜೆ ಬಂದು, ರಜೆಯಲ್ಲಿ ಮಾಯವಾಗುವ ನೋವು ಭಯದ್ದು. ಭಯದ್ದಾದರೂ ನೋವು ನೋವೇ.

ಇನ್ನು ಕಾಟದ ವಿಷಯ. ‘ಮಕ್ಕಳು ಅಂದ ಮೇಲೆ ಇದೆಲ್ಲ ಇದ್ದದ್ದೇ’ ಎಂದು ನಿಮಗೆ ಶಾಲೆಯಲ್ಲೂ ಹೇಳಿರುತ್ತಾರೆ, ನೆಂಟರೂ ಹೇಳಿರುತ್ತಾರೆ. ಅರ್ಧ ನಿಜ. ಮಕ್ಕಳು ಜಗಳವಾಡುತ್ತಾರೆ, ರೇಗಿಸುತ್ತಾರೆ, ಠೂ ಬಿಡುತ್ತಾರೆ, ಮತ್ತೆ ಒಂದಾಗುತ್ತಾರೆ. ಕಾಟವನ್ನು ಇಂಥ ಜಗಳದಿಂದ ಬೇರೆ ಮಾಡಿ ನೋಡುವ ಅಳತೆಗೋಲನ್ನು ಕೊಟ್ಟವರು ನಾರ್ವೆಯಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್. 1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ ಮೂವರು ಹುಡುಗರು ಜೀವ ಕಳೆದುಕೊಂಡರು. ಸಹಪಾಠಿಗಳ ಕಾಟವೇ ಕಾರಣವಿರಬೇಕು ಎಂದು ದೇಶವೇ ಬೆಚ್ಚಿತು. ಮರುವರ್ಷ ಅಲ್ಲಿನ ಸರ್ಕಾರ ಶಾಲೆಗಳಲ್ಲಿ ದೇಶವ್ಯಾಪಿ ಆಂದೋಲನ ನಡೆಸಿತು. ಓಲ್ವೇಯಸ್ ನೋಡುತ್ತಿದ್ದುದು ಮೂರು ಸಂಗತಿ: ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ನೋಯುವವನು ತಿರುಗಿ ನಿಲ್ಲಲಾಗದಷ್ಟು ಬಲದ ವ್ಯತ್ಯಾಸ ಇರುವುದು. ಬಲ ಎಂದರೆ ಮೈಕಟ್ಟೇ ಆಗಬೇಕಿಲ್ಲ. ಐದು ಜನರ ಎದುರು ಒಬ್ಬ, ಹಳಬರ ಎದುರು ಹೊಸಬ, ಪೇಟೆಯವರ ಎದುರು ಹಳ್ಳಿಯವನು. ನಿಮ್ಮ ಮಗನ ವಿಷಯದಲ್ಲಿ ಮೂರೂ ಇವೆ. ಆದ್ದರಿಂದ ಇದು ಜಗಳವಲ್ಲ.

ಜಗಳವಲ್ಲ ಎಂದಾದ ಮೇಲೆ ರಾಜಿ ಪಂಚಾಯಿತಿ ಅಲ್ಲಿ ಕೆಲಸ ಮಾಡುವುದಿಲ್ಲ. ಶಿಕ್ಷಕರು ಎಡವುವುದು ಇಲ್ಲೇ, ಅದೂ ಒಳ್ಳೆಯ ಮನಸ್ಸಿನಿಂದಲೇ. ಇಬ್ಬರನ್ನೂ ಎದುರುಬದುರು ನಿಲ್ಲಿಸಿದಾಗ ಏನಾಗುತ್ತದೆ ನೋಡಿ. ಕಾಟ ಕೊಟ್ಟವನು ತಲೆ ಬಗ್ಗಿಸಿ ‘ಸಾರಿ’ ಅನ್ನುತ್ತಾನೆ, ಅವನಿಗೆ ಅದರಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇಲ್ಲ. ನಿಮ್ಮ ಮಗ, ತನ್ನನ್ನು ಹಿಂಸಿಸುವವನ ಮುಖ ನೋಡಿಕೊಂಡು ‘ಪರವಾಗಿಲ್ಲ’ ಅನ್ನಬೇಕು. ಸ್ಟಾಫ್ ರೂಮಿನ ಬಾಗಿಲು ದಾಟಿದ ಕೂಡಲೇ ಹೇಳಿಕೊಟ್ಟವನು ಯಾರೆಂಬುದು ಇಡೀ ಕ್ಲಾಸಿಗೆ ಗೊತ್ತಾಗಿರುತ್ತದೆ. ಅಂದು ಸಂಜೆಯೇ ಸೇಡು. ಅವನು ಅದರಿಂದ ಕಲಿತದ್ದು, ದೊಡ್ಡವರಿಗೆ ಹೇಳಿದರೆ ಕೆಡುತ್ತದೆ ಎಂಬುದನ್ನು. ‘ಸ್ಕೂಲ್ ಕಡೆ ಬರಬೇಡ’ ಎಂದು ಅವನು ನಿಮಗೆ ಅಂದದ್ದು ಈ ಲೆಕ್ಕಾಚಾರದಿಂದ, ಅದನ್ನು ಹಟವೆಂದುಕೊಳ್ಳಬೇಡಿ.

ಹಾಗಾದರೆ ಶಾಲೆ ಏನು ಮಾಡಬೇಕು? ನೋಡುತ್ತ ನಿಂತವರಿಂದ ಶುರು ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಟೊರೊಂಟೊದ ಶಾಲಾ ಮೈದಾನಗಳಲ್ಲಿ ಕ್ಯಾಮೆರಾ ಮತ್ತು ಮೈಕ್ ಇಟ್ಟು ಸಂಶೋಧಕಿಯರಾದ ಡೆಬ್ರಾ ಪೆಪ್ಲರ್, ವೆಂಡಿ ಕ್ರೇಗ್ ಮತ್ತು ಸಂಗಡಿಗರು ಮಕ್ಕಳನ್ನು ಗಮನಿಸಿದ್ದರು. ಇಂಥ ಘಟನೆಗಳಲ್ಲಿ ಶೇ 85ಕ್ಕೂ ಹೆಚ್ಚು ಕಡೆ ಬೇರೆ ಮಕ್ಕಳು ಅಲ್ಲೇ ಇರುತ್ತಿದ್ದರು. ಅವರಲ್ಲಿ ಒಬ್ಬರು ಅಡ್ಡ ಬಂದಾಗ, ಅರ್ಧಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಹತ್ತು ಸೆಕೆಂಡಿನೊಳಗೆ ಕಾಟ ನಿಂತುಹೋಗುತ್ತಿತ್ತು. ಜಾತ್ರೆಯಲ್ಲಿ ಸುತ್ತ ನಿಂತ ಜನ ಕರಗಿದರೆ ದೊಂಬರಾಟ ತಾನಾಗಿ ನಿಲ್ಲುತ್ತದಲ್ಲ, ಹಾಗೆ. ‘ಆಲೂಗಡ್ಡೆ’ ಎಂದು ಮೊದಲು ಕೂಗಿದವನು ಒಬ್ಬ. ಅದನ್ನು ಹೆಸರಾಗಿ ಉಳಿಸಿದ್ದು ನಕ್ಕವರು. ಆ ನಗುವಿನಲ್ಲಿ ಮೇಡಂ ಅವರದ್ದೂ ಇತ್ತು ಎಂಬುದು ಸಣ್ಣ ಮಾತಲ್ಲ. ಮೇಷ್ಟ್ರು ನಕ್ಕ ಹುಡುಗನನ್ನು ನೋಡಿ ನಗಲು ಮಕ್ಕಳಿಗೆ ಪರವಾನಗಿ ಸಿಕ್ಕಂತೆ. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆದರೆ ಅದೇ ಮೇಡಂ ಒಂದು ದಿನ ಅದೇ ತರಗತಿಯಲ್ಲಿ ‘ಅವತ್ತು ನಾನು ನಗಬಾರದಿತ್ತು, ಆ ಹೆಸರು ಇನ್ನು ಈ ಕ್ಲಾಸಲ್ಲಿ ಕೇಳಬಾರದು’ ಎಂದರೆ, ನೂರು ‘ಸಾರಿ’ಗಿಂತ ಹೆಚ್ಚು ಕೆಲಸವಾಗುತ್ತದೆ. ಮುಖ್ಯೋಪಾಧ್ಯಾಯರ ಮೂಲಕ ಇದನ್ನು ವಿನಯದಿಂದಲೇ ಕೇಳಬಹುದು.

ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿನಾ ಸಾಲ್ಮಿವಲ್ಲಿ ಅವರ ತಂಡ ಶಾಲೆಗಳಲ್ಲಿ ಕಾಟ ತಡೆಯಲು ರೂಪಿಸಿದ ‘ಕಿವಾ’ ಕಾರ್ಯಕ್ರಮ ನಿಂತಿರುವುದು ಈ ನೋಡುಗರ ಮೇಲೆಯೇ. 2009ರಿಂದ ಅದು ಆ ದೇಶದಾದ್ಯಂತ ಹರಡಿತು. ಕಾಟ ಕೊಡುವ ಹುಡುಗನಿಗೆ ಬೇಕಾದದ್ದು ಗುಂಪಿನಲ್ಲಿ ಮೇಲಿನ ಸ್ಥಾನ. ಅದನ್ನು ಕೊಡುವವರು ಸುತ್ತಲಿನವರು ಎಂಬುದು ಅವರ ವಾದ. ಮನೆಯಲ್ಲಿ ಪ್ರೀತಿ ಸಿಗದ, ಒಳಗೆ ಕೀಳರಿಮೆ ಇರುವ ಹುಡುಗರೇ ಹೀಗೆ ಮಾಡುವುದು ಎಂದು ನಾವೆಲ್ಲ ಸುಲಭವಾಗಿ ಹೇಳಿಬಿಡುತ್ತೇವೆ. ಅಂಥವರೂ ಇದ್ದಾರೆ. ಆದರೆ ಚೆನ್ನಾಗಿ ಓದುವ, ಮಾತು ಬಲ್ಲ, ಟೀಚರಿಗೆ ಅಚ್ಚುಮೆಚ್ಚಿನ ಹುಡುಗರೂ ಇದ್ದಾರೆ, ಅವರೇ ಸಿಕ್ಕಿಬೀಳದವರು.

ಕಿವಾದಲ್ಲಿ ದೂರು ಬಂದಾಗ ನಡೆಯುವ ಕ್ರಮ ನಮ್ಮ ಶಾಲೆಗಳಿಗೂ ಹೊಂದುವಂಥದ್ದು, ಖರ್ಚಿಲ್ಲದ್ದು. ಮೊದಲು ನೊಂದ ಮಗುವಿನೊಂದಿಗೆ ಪ್ರತ್ಯೇಕವಾಗಿ ಮಾತು. ಆಮೇಲೆ ಕಾಟ ಕೊಟ್ಟವರನ್ನು ಒಬ್ಬೊಬ್ಬರನ್ನಾಗಿ ಕರೆಯುತ್ತಾರೆ, ಒಬ್ಬನೊಂದಿಗೆ ಇನ್ನೊಬ್ಬ ಸೇರಿ ಕಥೆ ಕಟ್ಟಲು ಬಿಡುವು ಸಿಗದ ಹಾಗೆ. ಅಲ್ಲಿ ವಿಚಾರಣೆ ಉದ್ದವಾಗುವುದಿಲ್ಲ. ಏನು ನಡೆದಿದೆ ಎಂದು ನಮಗೆ ಗೊತ್ತು, ಇದು ನಿಲ್ಲಬೇಕು, ಅದಕ್ಕೆ ನೀನು ಏನು ಮಾಡುತ್ತೀಯ ಹೇಳು, ಅಷ್ಟೇ. ಇದರ ಜೊತೆಗೆ ಕ್ಲಾಸ್ ಟೀಚರ್ ತರಗತಿಯ ಎರಡರಿಂದ ನಾಲ್ಕು ಮಕ್ಕಳನ್ನು, ಬೇರೆಯವರು ಗೌರವಿಸುವಂಥ ಮಕ್ಕಳನ್ನು, ಪಕ್ಕಕ್ಕೆ ಕರೆದು ‘ಇವನ ಜೊತೆ ನೀವಿರಿ’ ಎಂದು ಕೆಲಸ ಹಚ್ಚುತ್ತಾರೆ. ಹಾಗೆ ಹಚ್ಚಿದ್ದು ಮಿಕ್ಕ ಮಕ್ಕಳಿಗೆ ಗೊತ್ತಾಗಬೇಕಾಗಿಲ್ಲ. ಕೊನೆಗೆ, ಒಂದೆರಡು ವಾರ ಬಿಟ್ಟು ಮತ್ತೆ ಎಲ್ಲರನ್ನೂ ಕರೆದು ‘ನಿಂತಿದೆಯೇ?’ ಎಂದು ಕೇಳುತ್ತಾರೆ. ಈ ಕೊನೆಯದನ್ನು ನಮ್ಮ ಶಾಲೆಗಳು ಮಾಡುವುದೇ ಇಲ್ಲ. ತಾನು ಹೇಳಿದ್ದನ್ನು ಯಾರೂ ಮರೆತಿಲ್ಲ ಎಂದು ನಿಮ್ಮ ಮಗನಿಗೂ, ಯಾರೋ ಗಮನಿಸುತ್ತಿದ್ದಾರೆ ಎಂದು ಆ ಹುಡುಗರಿಗೂ ತಿಳಿಯುವುದು ಆ ಎರಡನೆಯ ಸಲದ ಕರೆಯಿಂದ.

‘ಫಿನ್ಲೆಂಡ್ ಬೇರೆ, ನಮ್ಮ ಅರವತ್ತು ಮಕ್ಕಳ ಕ್ಲಾಸು ಬೇರೆ’ ಎನ್ನುವವರಿಗೆ ಬಿಹಾರದ ಉದಾಹರಣೆ ಇದೆ. ನಳಂದಾ ಜಿಲ್ಲೆಯ 70ಕ್ಕೂ ಹೆಚ್ಚು ಸರ್ಕಾರಿ ಪ್ರೌಢಶಾಲೆಗಳಲ್ಲಿ ‘ಸೆಹೆರ್’ ಎಂಬ ಕಾರ್ಯಕ್ರಮವನ್ನು ಪರೀಕ್ಷಿಸಿದರು. ನಡೆಸಿದ್ದು ಗೋವಾ ಮೂಲದ ಸಂಗಾತ್ ಸಂಸ್ಥೆ, ಫಲಿತಾಂಶ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ 2018ರ ಕೊನೆಗೆ ಬಂತು. ಅದರಲ್ಲಿದ್ದದ್ದು ನಮಗೆ ಗೊತ್ತಿರುವ ವಸ್ತುಗಳೇ: ಬೆಳಗಿನ ಪ್ರಾರ್ಥನೆಯಲ್ಲಿ ಒಂದು ವಿಷಯದ ಚರ್ಚೆ, ಗೋಡೆ ಪತ್ರಿಕೆ, ಮಕ್ಕಳು ಚೀಟಿ ಹಾಕುವ ಪೆಟ್ಟಿಗೆ, ಶಿಕ್ಷಕರು, ಪೋಷಕರು, ಮಕ್ಕಳು ಸೇರಿದ ಒಂದು ಸಮಿತಿ, ಬೇಕಾದವರಿಗೆ ಒಬ್ಬೊಬ್ಬರಾಗಿ ಸಮಾಲೋಚನೆ. ಕೆಲವು ಶಾಲೆಗಳಲ್ಲಿ ಇದನ್ನು ಅಲ್ಲಿನ ಶಿಕ್ಷಕರೊಬ್ಬರ ಹೆಗಲಿಗೆ ಹಾಕಿದರು. ಇನ್ನು ಕೆಲವು ಶಾಲೆಗಳಲ್ಲಿ ಇದಕ್ಕೆಂದೇ ತರಬೇತಿ ಕೊಟ್ಟ ಸ್ಥಳೀಯರೊಬ್ಬರನ್ನು ಇಟ್ಟರು. ಅವರು ಮನಶ್ಶಾಸ್ತ್ರದ ತಜ್ಞರೂ ಅಲ್ಲ. ಎರಡನೆಯ ಬಗೆಯ ಶಾಲೆಗಳಲ್ಲಿ ಮಕ್ಕಳ ನಡುವಿನ ಕಾಟ, ಹಿಂಸೆ, ಖಿನ್ನತೆ ಎದ್ದು ಕಾಣುವಂತೆ ಇಳಿದವು. ಶಿಕ್ಷಕರಿಗೇ ವಹಿಸಿದ ಶಾಲೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪಾಠ, ಮೌಲ್ಯಮಾಪನ, ಗಣತಿ, ಚುನಾವಣೆ ಕೆಲಸದ ನಡುವೆ ನಮ್ಮ ಮೇಷ್ಟ್ರುಗಳು ಹೇಗೆ ಏದುಸಿರು ಬಿಡುತ್ತಾರೆ ಎಂದು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅಂಕ ಕೊಡುವವರ ಮುಂದೆ ಮಕ್ಕಳು ಬಾಯಿ ಬಿಡುವುದೂ ಕಷ್ಟ.

ನಿಮ್ಮ ಶಾಲೆಗೆ ನಾಳೆಯೇ ಕೌನ್ಸಿಲರ್ ಬರುವುದಿಲ್ಲ, ಗೊತ್ತಿದೆ. ಆದರೆ ‘ಈ ಮಗುವಿನ ವಿಷಯ ನೋಡಿಕೊಳ್ಳುವವರು ಇವರು’ ಎಂದು ಒಬ್ಬರ ಹೆಸರು ಗೊತ್ತುಮಾಡಿಸಿಕೊಳ್ಳಬಹುದು. ಪಿಟಿ ಮೇಷ್ಟ್ರಾಗಲಿ, ಲೈಬ್ರರಿ ನೋಡುವವರಾಗಲಿ, ಮಕ್ಕಳು ತಾವಾಗಿ ಹೋಗಿ ಮಾತಾಡುವ ಒಬ್ಬರು ಪ್ರತಿ ಶಾಲೆಯಲ್ಲೂ ಇರುತ್ತಾರೆ.

ಇದಕ್ಕೆ ಬಾಯಿಮಾತು ಸಾಲದು, ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ಅರ್ಜಿ ಕೊಡಿ. ಬೈಗುಳ ಬೇಡ, ‘ನಿಮ್ಮ ಶಾಲೆಯಲ್ಲಿ ಶಿಸ್ತೇ ಇಲ್ಲ’ ಎಂಬ ಮಾತೂ ಬೇಡ. ನಡೆದದ್ದನ್ನು ತಾರೀಖಿನ ಸಮೇತ ಬರೆಯಿರಿ. ತಾರೀಖು ನೆನಪಿಲ್ಲದಿದ್ದರೆ ವಾರ ಸಾಕು. ಕೊನೆಯಲ್ಲಿ ಹೀಗಿರಲಿ:

‘ನನ್ನ ಮಗನನ್ನು ಮತ್ತು ಆ ವಿದ್ಯಾರ್ಥಿಗಳನ್ನು ಎದುರುಬದುರು ಕೂರಿಸದೆ, ಬೇರೆ ಬೇರೆಯಾಗಿ ಮಾತನಾಡಿಸಬೇಕೆಂದು ಕೋರುತ್ತೇನೆ. ಊಟದ ಬಿಡುವಿನಲ್ಲಿ ಮತ್ತು ಶಾಲೆ ಬಿಡುವ ಹೊತ್ತಿನಲ್ಲಿ ಒಬ್ಬ ಶಿಕ್ಷಕರು ಅಲ್ಲಿ ಇರುವಂತೆ ನೋಡಿಕೊಳ್ಳಬೇಕು. ನನ್ನ ಮಗ ಯಾರ ಬಳಿ ಹೋಗಿ ಹೇಳಬಹುದು ಎಂಬುದನ್ನು ದಯವಿಟ್ಟು ತಿಳಿಸಿ. ಎರಡು ವಾರದ ನಂತರ ಬಂದು ತಮ್ಮನ್ನು ಕಾಣುತ್ತೇನೆ.’

ನಕಲು ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ಸೀಲು ಬಿದ್ದ ಕಾಗದಕ್ಕೆ ಇರುವ ತೂಕ ನಮ್ಮಲ್ಲಿ ಬಾಯಿಮಾತಿಗೆ ಇಲ್ಲ, ಏನು ಮಾಡುವುದು. ಎರಡು ವಾರ ಕಳೆದರೂ ಏನೂ ಆಗದಿದ್ದರೆ ಆಡಳಿತ ಮಂಡಳಿಗೆ, ಅಲ್ಲಿಂದ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಂದರೆ ಬಿಇಒ ಕಚೇರಿಗೆ ಹೋಗಿ. ಖಾಸಗಿ ಶಾಲೆಯಾದರೂ ಬಿಇಒಗೆ ಕೇಳುವ ಅಧಿಕಾರವಿದೆ. ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098. ರಾಜ್ಯದಲ್ಲಿ 2016ರಿಂದ ಮಕ್ಕಳ ರಕ್ಷಣಾ ನೀತಿ ಇದೆ. ‘ನಿಮ್ಮಲ್ಲಿ ಮಕ್ಕಳ ರಕ್ಷಣಾ ಸಮಿತಿಯಲ್ಲಿ ಯಾರಿದ್ದಾರೆ, ದೂರು ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇದೆ, ಕೊನೆಯ ಸಲ ತೆರೆದದ್ದು ಯಾವಾಗ?’ ಎಂದು ಮೆತ್ತಗೆ ಕೇಳಿ ನೋಡಿ. ಎಷ್ಟೋ ಶಾಲೆಗಳಲ್ಲಿ ಪೆಟ್ಟಿಗೆ ಇರುತ್ತದೆ, ಬೀಗದ ಕೈ ಕಾಣೆಯಾಗಿರುತ್ತದೆ.

ಎರಡು ಕೆಲಸ ಮಾತ್ರ ಮಾಡಬೇಡಿ. ಪೋಷಕರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಆ ಹುಡುಗರ ಹೆಸರು ಹಾಕಿ ಬರೆಯಬೇಡಿ. ಒಂದೇ ರಾತ್ರಿಯಲ್ಲಿ ಅದು ಹುಡುಗರ ವಿಷಯ ಹೋಗಿ ಮನೆತನಗಳ ವಿಷಯ ಆಗುತ್ತದೆ. ಗೇಟಿನ ಬಳಿ ನಿಂತು ಆ ಹುಡುಗನನ್ನು ನೀವೇ ಗದರಿಸಲೂ ಹೋಗಬೇಡಿ. ಮಾರನೆಯ ದಿನ ಅದರ ಬೆಲೆ ಕೊಡುವವನು ನಿಮ್ಮ ಮಗ.

ಇನ್ನು ನಿಮ್ಮ ಯಜಮಾನರ ಮಾತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ತಿರುಗಿಸಿ ಹೊಡೆಯುವುದು ತಪ್ಪೋ ಸರಿಯೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ, ಅದು ನಡೆಯುವುದಿಲ್ಲ ಎಂದಷ್ಟೇ ಹೇಳುತ್ತೇನೆ. ಕಾಟ ಕೊಡುವವರಿಗೆ ಟೀಚರ್ ಯಾವಾಗ ಬೋರ್ಡ್ ಕಡೆ ತಿರುಗುತ್ತಾರೆ ಎಂಬುದು ಚೆನ್ನಾಗಿ ಗೊತ್ತು. ರೋಸಿಹೋಗಿ ಕೈ ಎತ್ತುವ ಹುಡುಗನಿಗೆ ಗೊತ್ತಿರುವುದಿಲ್ಲ. ಸಿಕ್ಕಿಬೀಳುವವನು ಅವನೇ. ಹೊಡೆತ ತಿಂದು ತಾನೂ ಹೊಡೆಯಲು ಶುರು ಮಾಡುವ ಮಕ್ಕಳ ಸ್ಥಿತಿ, ಬರೀ ನೋಯುವ ಮಕ್ಕಳಿಗಿಂತ, ಬರೀ ನೋಯಿಸುವ ಮಕ್ಕಳಿಗಿಂತ ಕೆಟ್ಟದಾಗಿರುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡ ಮಾತು. ಆದರೆ ಅಪ್ಪನಿಗೆ ಇಲ್ಲಿ ಬೇರೆ ಕೆಲಸವಿದೆ. ರಾತ್ರಿ ಊಟವಾದ ಮೇಲೆ ಐದು ನಿಮಿಷ ಅವರು ‘ಕಾಟ ಕೊಡುವ ಹುಡುಗ’ನ ಪಾತ್ರ ಮಾಡಲಿ. ಮಗ ನೆಟ್ಟಗೆ ನಿಂತು, ಮುಖ ನೋಡಿ, ಒಂದೇ ವಾಕ್ಯ ಹೇಳಲಿ: ‘ಹಂಗೆ ಕರೀಬೇಡ.’ ಹೇಳಿ, ಉತ್ತರಕ್ಕೆ ಕಾಯದೆ, ಜನ ಇರುವ ಕಡೆ ನಡೆದುಹೋಗಲಿ. ಮೊದಲ ದಿನ ದನಿ ಹೊರಡುವುದಿಲ್ಲ. ನಾಲ್ಕನೆಯ ದಿನಕ್ಕೆ ಇಬ್ಬರೂ ನಗುತ್ತಾರೆ. ಇದರಿಂದ ಆ ಹುಡುಗರು ಬದಲಾಗುತ್ತಾರೆಂದು ನಾನು ಭರವಸೆ ಕೊಡಲಾರೆ, ಕಾಟ ನಿಲ್ಲಿಸುವುದು ದೊಡ್ಡವರ ಹೊಣೆ, ಹುಡುಗನದ್ದಲ್ಲ. ಆದರೂ ಅಪ್ಪ ತನ್ನ ಪಕ್ಷದಲ್ಲಿದ್ದಾನೆ ಎಂಬುದು ಅವನಿಗೆ ಗಟ್ಟಿಯಾಗುತ್ತದೆ.

ನೀವು ಕೇಳುವ ಪ್ರಶ್ನೆಯನ್ನೂ ಸ್ವಲ್ಪ ಬದಲಿಸಿ. ‘ಇವತ್ತೂ ಏನಾದ್ರೂ ಅಂದ್ರಾ?’ ಎಂದು ದಿನಾ ಕೇಳಿದರೆ ಮನೆಯೂ ಅದೇ ವಿಷಯದ ಠಾಣೆಯಾಗುತ್ತದೆ. ‘ಊಟಕ್ಕೆ ಯಾರ ಪಕ್ಕ ಕೂತಿದ್ದೆ?’, ‘ಬಸ್ಸಲ್ಲಿ ಸೀಟ್ ಸಿಕ್ತಾ?’ ಎಂದು ಕೇಳಿ. ಬೇಕಾದದ್ದೆಲ್ಲ ಇವುಗಳ ಉತ್ತರದಲ್ಲೇ ಇರುತ್ತದೆ. ಒಂದು ದಿನ ಬಿಳಿ ಹಾಳೆ ಕೊಟ್ಟು ಶಾಲೆಯ ನಕ್ಷೆ ಬರೆಯಲು ಹೇಳಿ: ಗೇಟು, ಮೆಟ್ಟಿಲು, ಶೌಚಾಲಯ, ನೀರಿನ ನಲ್ಲಿ, ಮೈದಾನ, ಬಸ್ ಸ್ಟಾಪು. ಹೆದರಿಕೆಯಾಗುವ ಜಾಗಕ್ಕೆ ಕೆಂಪು ಬಳಿಯಲಿ, ನೆಮ್ಮದಿ ಇರುವ ಕಡೆ ಹಸಿರು. ಬಾಯಲ್ಲಿ ಹೇಳದ್ದನ್ನು ಮಕ್ಕಳು ಹೀಗೆ ತೋರಿಸುತ್ತಾರೆ. ಕೆಂಪು ಬೀಳುವುದು ಹೆಚ್ಚಾಗಿ ಶೌಚಾಲಯದ ದಾರಿಗೆ, ಎರಡು ಪೀರಿಯಡ್ ನಡುವಿನ ಕಾರಿಡಾರಿಗೆ, ಶಾಲೆಯ ವ್ಯಾನಿಗೆ. ಬೆಳಗ್ಗೆಯಿಂದ ಸಂಜೆಯವರೆಗೆ ಶೌಚಾಲಯಕ್ಕೆ ಹೋಗದೆ, ನೀರೂ ಕುಡಿಯದೆ ಕೂರುವ ಮಕ್ಕಳಿದ್ದಾರೆ. ನಿಮ್ಮವನ ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತಿದೆಯೇ, ನೋಡಿ. ಆ ನಕ್ಷೆಯ ಒಂದು ಪ್ರತಿಯನ್ನು ಅವನ ಒಪ್ಪಿಗೆ ಪಡೆದು ಅರ್ಜಿಯ ಜೊತೆಗೆ ಲಗತ್ತಿಸಬಹುದು. ಮುಖ್ಯೋಪಾಧ್ಯಾಯರು ಇಡೀ ಶಾಲೆಯ ಮಕ್ಕಳಿಂದ ಹೆಸರಿಲ್ಲದೆ ಹೀಗೆ ನಕ್ಷೆ ಬರೆಸಿದರೆ, ಬಿಡುವಿನ ವೇಳೆ ಶಿಕ್ಷಕರು ಎಲ್ಲಿ ನಿಲ್ಲಬೇಕು ಎಂಬುದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ.

ಸ್ಟಿಕ್ಕರಿನ ವಿಷಯ ಚುಟುಕಾಗಿ. ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ, ಕಳಿಸಿದ ನಂಬರ್, ದಿನ ಕಾಣುವಂತೆ. ಗ್ರೂಪಿನಲ್ಲಿ ಅವನೂ ನೀವೂ ಉತ್ತರ ಕೊಡಬೇಡಿ. ಅವನ ಫೋನ್ ಕಿತ್ತುಕೊಳ್ಳಬೇಡಿ; ಹೇಳಿದ್ದಕ್ಕೆ ಶಿಕ್ಷೆಯಾಯಿತು ಎಂದುಕೊಂಡು ಮುಂದಿನ ಸಲ ಬಚ್ಚಿಡುತ್ತಾನೆ. ಸ್ಟಿಕ್ಕರ್ ನಗೆಗೀಡು ಮಾಡುವಂಥದ್ದಾದರೆ ಶಾಲೆಯ ಮಟ್ಟದಲ್ಲಿ ಅಳಿಸಿಸಬಹುದು. ಬಟ್ಟೆಯಿಲ್ಲದ ಮೈಗೆ ಮುಖ ಅಂಟಿಸಿದಂಥದ್ದಾದರೆ ಮಾತು ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಅಕಾರ, ಹಕಾರದ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೆ ‘ಅದೊಂದು ಸರಿಯಾದರೆ ಎಲ್ಲ ಸರಿಹೋಗುತ್ತೆ’ ಎಂದು ಮನೆಯಲ್ಲಿ ಯಾರಾದರೂ ಅಂದೇ ಇರುತ್ತಾರೆ. ಹೋಗುವುದಿಲ್ಲ. ಅದು ಸರಿಯಾದರೆ ಆ ಹುಡುಗರು ಅವನ ಚಪ್ಪಲಿ ನೋಡಿ ರೇಗಿಸುತ್ತಾರೆ, ಎಣ್ಣೆ ಹಚ್ಚಿದ ತಲೆ ನೋಡಿ ರೇಗಿಸುತ್ತಾರೆ. ಅವನಿಗೇ ಇಷ್ಟವಿದ್ದರೆ ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದುವ ಅಭ್ಯಾಸ ಮಾಡಲಿ, ಬೇಗ ಬರುತ್ತದೆ. ಆದರೆ ಕಾಟಕ್ಕೂ ಅದಕ್ಕೂ ಗಂಟು ಹಾಕಬೇಡಿ. ಹಾಕಿದರೆ, ತಪ್ಪು ತನ್ನದೇ ಎಂದು ಅವನು ಒಪ್ಪಿಕೊಂಡುಬಿಡುತ್ತಾನೆ. ಬಹಳ ಕಾಲ ಉಳಿಯುವ ಗಾಯ ಅದು. ಬ್ರಿಟನ್ನಿನಲ್ಲಿ 1958ರ ಒಂದೇ ವಾರದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಅವರ ಐವತ್ತರ ವಯಸ್ಸಿನವರೆಗೂ ಗಮನಿಸುತ್ತ ಬಂದಾಗ, ಏಳು ಹನ್ನೊಂದರ ವಯಸ್ಸಿನಲ್ಲಿ ಪದೇ ಪದೇ ಕಾಟ ಅನುಭವಿಸಿದವರಲ್ಲಿ ಖಿನ್ನತೆ ನಡುವಯಸ್ಸಿನಲ್ಲೂ ಹೆಚ್ಚಾಗಿಯೇ ಕಂಡಿತು. ಹೆದರಿಸಲು ಹೇಳುತ್ತಿಲ್ಲ; ‘ದೊಡ್ಡವನಾದ ಮೇಲೆ ಮರೆತುಹೋಗುತ್ತೆ’ ಎನ್ನುವವರಿಗೆ ಕೊಡಲು ಒಂದು ಉತ್ತರ ನಿಮ್ಮ ಬಳಿ ಇರಲಿ ಎಂದು.

ಇದರಿಂದ ಮಕ್ಕಳನ್ನು ಕಾಪಾಡುವುದು ಏನು ಎಂದರೆ, ಒಬ್ಬ ಗೆಳೆಯ. ಒಬ್ಬನೇ ಸಾಕು. ಹಳ್ಳಿ ಶಾಲೆಯ ಹಳೆಯ ಸ್ನೇಹಿತರು ಈಗ ಎಲ್ಲಿದ್ದಾರೆ? ಪೇಟೆ ಶಾಲೆಗೆ ಸೇರಿದ ಮೇಲೆ ಅವರ ಜೊತೆ ಆಡುವುದನ್ನು ನಿಲ್ಲಿಸಿಬಿಟ್ಟಿದ್ದಾನೆಯೇ? ಟ್ಯೂಷನ್ನಿಗಾಗಿ ನೀವೇ ನಿಲ್ಲಿಸಿದ್ದೀರೋ? ಹಾಗಿದ್ದರೆ ವಾರಕ್ಕೆ ಎರಡು ಸಂಜೆ ಟ್ಯೂಷನ್ ಬಿಡಿಸಿ, ಆಟಕ್ಕೆ ಕಳಿಸಿ. ಅಂಕ ಎರಡು ಕಡಿಮೆ ಬಂದರೆ ಬರಲಿ. ಶಾಲೆಯ ಹೊರಗೆ ಅವನಿಗೊಂದು ಜಾಗ ಬೇಕು, ಅಲ್ಲಿ ಅವನ ಹೆಸರು ಅವನ ಹೆಸರೇ ಆಗಿರಬೇಕು. ಕಬಡ್ಡಿ ಆಗಬಹುದು, ಭಜನೆ ಮಂಡಳಿಯ ತಬಲ ಆಗಬಹುದು, ಗ್ರಾಮ ಪಂಚಾಯಿತಿಯ ಗ್ರಂಥಾಲಯ ಆಗಬಹುದು. ಈಗ ಅವನ್ನು ಅರಿವು ಕೇಂದ್ರ ಅನ್ನುತ್ತಾರೆ, ಮಕ್ಕಳಿಗಾಗಿ ‘ಓದುವ ಬೆಳಕು’ ನಡೆಸುತ್ತಾರೆ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯೂ ಇದೆ. ಬಸ್ ಸ್ಟಾಪಿನಲ್ಲಿ, ಬಸ್ಸಿನಲ್ಲಿ ನಡೆಯುವ ಕಾಟವನ್ನು ಶಾಲೆ ‘ನಮ್ಮ ಗೇಟಿನಾಚೆಯದು’ ಎಂದರೆ ಮಕ್ಕಳು ಅಲ್ಲಿ ಎತ್ತಬಹುದು. ಒಬ್ಬನೇ ನಿಂತು ಹೇಳಬೇಕಾಗಿಲ್ಲ, ಊರಿನ ಹತ್ತು ಮಕ್ಕಳು ಸೇರಿ ‘ಸಂಜೆ ಬಸ್ಸಿನ ಹೊತ್ತಿಗೆ ಯಾರಾದರೂ ದೊಡ್ಡವರು ನಿಲ್ಲಲಿ’ ಎಂದು ಕೇಳಿದರೆ ಪಿಡಿಒ ಬರೆದುಕೊಳ್ಳಲೇಬೇಕಾಗುತ್ತದೆ.

ಈಗ ಪೊಲೀಸರು. ಸದ್ಯಕ್ಕೆ ನೀವು ಬರೆದಿರುವಷ್ಟಕ್ಕೆ ಅವರ ಅಗತ್ಯವಿಲ್ಲ. ಎದುರಿಗಿರುವವರೂ ಹದಿಮೂರರ ಮಕ್ಕಳೇ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಇಂಥ ಸಣ್ಣಪುಟ್ಟ ವಿಷಯಕ್ಕೆ ಮಕ್ಕಳ ಮೇಲೆ ಎಫ್ಐಆರ್ ಹಾಕುವುದಿಲ್ಲ, ಹಾಕಬಾರದು ಕೂಡ. ಆದರೆ ಕೆಲವು ಗೆರೆಗಳಿವೆ. ಗಾಯವಾಗುವಂತೆ ಹೊಡೆದರೆ, ದುಡ್ಡು ತಾ ಎಂದು ಬೆದರಿಸಿದರೆ, ಜಾತಿ ಹಿಡಿದು ಹೀಯಾಳಿಸಿದರೆ, ಶೌಚಾಲಯದಲ್ಲಿ ಬಟ್ಟೆ ಎಳೆದು ವಿಡಿಯೊ ಮಾಡಿದರೆ, ಮೈ ಮುಟ್ಟಿದರೆ ಕಾಯಬೇಡಿ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಂದು ಒಬ್ಬರನ್ನು ಗೊತ್ತುಮಾಡಿರುತ್ತಾರೆ, ಅವರನ್ನೇ ಕೇಳಿ ಕಾಣಿ. ಲೈಂಗಿಕ ಸ್ವರೂಪದ್ದಾದರೆ, ಮೊದಲು ಹೇಳಿದ ಬಟ್ಟೆಯಿಲ್ಲದ ಮೈಯ ಸ್ಟಿಕ್ಕರೂ ಸೇರಿ, ಪೋಕ್ಸೊ ಕಾಯ್ದೆ ಬರುತ್ತದೆ. ಆಗ ವಿಷಯ ತಿಳಿದ ಶಾಲೆ ಪೊಲೀಸರಿಗೆ ತಿಳಿಸಲೇಬೇಕು, ‘ಒಳಗೇ ಮುಗಿಸೋಣ’ ಎನ್ನುವುದೇ ಅಪರಾಧ. ಮಗುವನ್ನು ಶಿಕ್ಷಕರೇ ಅವಮಾನಿಸುವುದು, ಮಾನಸಿಕವಾಗಿ ಹಿಂಸಿಸುವುದು ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ಪ್ರಕಾರ ನಿಷಿದ್ಧ. ಆ ಮೇಡಂ ಒಮ್ಮೆ ನಕ್ಕದ್ದಕ್ಕೆ ಈ ಕಲಂ ಹಿಡಿದು ಹೋಗಿ ಎಂದು ಹೇಳುತ್ತಿಲ್ಲ. ಅವರೂ ಅದೇ ಅಡ್ಡಹೆಸರಿನಿಂದ ಕರೆಯಲು ಶುರು ಮಾಡಿದ್ದರೆ ಆಗ ನೆನಪಿಡಿ.

ಟಿಸಿ. ನನ್ನನ್ನು ಕೇಳಿದರೆ, ಅರ್ಜಿ ಕೊಟ್ಟು ಒಂದು ತಿಂಗಳು ನೋಡಿ. ಅವನನ್ನೂ ಕೇಳಿ, ಕೇಳದೆ ಮಾತ್ರ ತೀರ್ಮಾನ ಮಾಡಬೇಡಿ. ಶಾಲೆ ಕಿವಿಗೊಟ್ಟರೆ ಅಲ್ಲೇ ಉಳಿಯುವುದು ಒಳ್ಳೆಯದು. ಶಾಲೆ ‘ನಿಮ್ಮ ಹುಡುಗನೇ ಸೂಕ್ಷ್ಮ’ ಎಂದು ಕೈ ತೊಳೆದುಕೊಂಡರೆ, ಅಥವಾ ಅವನ ನಿದ್ದೆ, ಊಟ ಕೆಡುತ್ತ ಹೋದರೆ, ಬದಲಿಸಿಬಿಡಿ, ಅದರಲ್ಲಿ ಸೋಲೇನಿಲ್ಲ. ವರ್ಷದ ನಡುವೆ ಆದರೂ ಸರಿ. 8ನೇ ತರಗತಿಯವರೆಗಿನ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವುದಾದರೆ ಟಿಸಿಯನ್ನು ಕೂಡಲೇ ಕೊಡಬೇಕು, ಟಿಸಿ ತಡವಾಯಿತೆಂದು ಹೊಸ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಬಾಕಿ ಫೀಸಿನ ನೆಪ ಹೇಳಿ ಟಿಸಿ ಹಿಡಿದಿಟ್ಟುಕೊಂಡರೆ ಬಿಇಒ ಕಚೇರಿಗೆ ಹೋಗಿ.

ಸೇರಿಸುವ ದಿನ ಹೊಸ ಶಾಲೆಯ ಮುಖ್ಯೋಪಾಧ್ಯಾಯರ ಹತ್ತಿರ ಮಗನನ್ನು ಹೊರಗೆ ಕೂರಿಸಿ ಎರಡು ಮಾತಾಡಿ. ಹಿಂದೆ ಏನಾಗಿತ್ತು ಎಂದು ಚುಟುಕಾಗಿ ಹೇಳಿ, ಮೊದಲ ತಿಂಗಳು ತರಗತಿಯಲ್ಲಿ ಅವನಿಂದ ಗಟ್ಟಿಯಾಗಿ ಓದಿಸುವುದು ಬೇಡ, ಪಕ್ಕದಲ್ಲಿ ಕೂರಲು ನಮ್ಮ ಕಡೆಯ ಬಸ್ಸಿನಲ್ಲೇ ಬರುವ ಒಬ್ಬ ಹುಡುಗನನ್ನು ನೋಡಿಕೊಡಿ ಎಂದು ಕೇಳಿ. ಒಂದೇ ಬಸ್ಸಿನವರಾದರೆ ಸಂಜೆಯ ದಾರಿಗೂ ಜೊತೆಯಾಯಿತು.